ಗೌಡರೊಡನೆ ರಾಜಧಾನಿಗೆ

ರಾಜಧಾನಿಗೆ ಹೋಗತಕ್ಕವರು ಬಹುಮಟ್ಟಿಗೆ ಕಚೇರಿಯ ಕೆಲಸಕ್ಕೋ ಆಸ್ಪತ್ರೆಗೋ ಮದುವೆಗೋ ಹೋಗುವರೇ ಹೊರತು ಅದನ್ನು ನೋಡಲೆಂದೇ ಹೋಗುವವರು ವಿರಳ. ನೋಡಲೆಂದು ಹೋಗುವವರು ಪಾಠಶಾಲೆಯ ಮಕ್ಕಳು. ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತಮೂರು ವರ್ಷಗಳ ಕಾಲ ಸಂಸ್ಕೃತವನ್ನು ಬೋಧಿಸಿದ ನಾವು ಅಂತಹ ಮಕ್ಕಳ ಹಿಂಡನ್ನು ಕರೆದುಕೊಂಡು ಅನೇಕಾವರ್ತಿ ಬೆಂಗಳೂರಿಗೆ ಹೋಗಿದ್ದುಂಟು. ವಿಧಾನಸೌಧ, ವಸ್ತುಸಂಗ್ರಹಾಲಯ, ಲಾಲ್‌ಬಾಗು, ಇವಿಷ್ಟೂ ಸೂರ್ಯಾಸ್ತದೊಳಗೆ ಮುಗಿದು, ಬೆಳಗ್ಗೆ ಎಣಿಸಿದ ತಲೆಗಳು ಸಂಜೆಗೂ ಅಷ್ಟೇ ಇದ್ದರೆ ಪ್ರವಾಸವು ಸಾರ್ಥಕವಾಯಿತೆಂದು ತಿಳಿಯುತ್ತಿದ್ದೆವು. ಕಳೆದ ಮಾರ್ಗಶಿರ ಮಾಸದಲ್ಲಿ ನಮ್ಮ ಮಿತ್ರರಾದ ಗೌಡರೊಡನೆ ಮಾಡಿದ ಐದು ದಿನದ ಯಾತ್ರೆಯು ಈ ಬಗೆಯದಾಗಿರಲಿಲ್ಲ. ಗೌಡರು ಊರನ್ನು ನೋಡಲು ಹೊರಟುದು ಅಲ್ಲಿ ತಾವು ಬದುಕಬಹುದೆ ಎಂಬುದನ್ನು ತಿಳಿಯುವುದಕ್ಕೆ.

ಗೌಡರಿಗೆ ಅರುವತ್ತೆಂಟು ವರ್ಷ. ಊರ ಹೊರಗೆ ಎರಡು ಎಕರೆ ತೆಂಗಿನ ತೋಟ, ತೋಟದ ನಡುವೆ ಮನೆ. ಮನೆಯಾಕೆ ತೀರಿಕೊಂಡು ನಾಲ್ಕು ವರ್ಷವಾಯಿತು. ಒಬ್ಬನೇ ಮಗ, ನಮ್ಮಲ್ಲಿಯೇ ಓದಿದವನು. ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಆ ಹುಡುಗನು ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದು, ಜೆ. ಪಿ. ನಗರದಲ್ಲಿ ಸಂಸಾರ ಹೂಡಿರುವನು. ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ಗೌಡರು ಬಾವಿಕಟ್ಟೆಯ ಬಳಿ ಜಾರಿಬಿದ್ದು, ಬೆಳಗ್ಗೆ ಹಾಲಿನವಳು ಬರುವತನಕ ಮಳೆಯಲ್ಲಿ ಅಲ್ಲಿಯೇ ಮಲಗಿದ್ದರು. ಮೂಳೆ ಮುರಿಯಲಿಲ್ಲ, ಮಗನ ಧೈರ್ಯ ಮುರಿಯಿತು. ಅವನು ನಮಗೆ ದೂರವಾಣಿಯಲ್ಲಿ, "ಮೇಷ್ಟ್ರೇ, ನನ್ನ ಮಾತನ್ನು ಅಪ್ಪ ಕೇಳುವುದಿಲ್ಲ. ನೀವು ಒಂದು ಮಾತು ಹೇಳಿದರೆ ಇಲ್ಲಿಗೆ ಬಂದಿರುತ್ತಾರೆ" ಎಂದನು.

ನಮ್ಮ ಸಂಕಟವನ್ನು ವಾಚಕರು ಊಹಿಸಿಕೊಳ್ಳಬೇಕು. ಇಪ್ಪತ್ತೆಂಟು ವರ್ಷಗಳಿಂದ, ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ, ಪ್ರತಿ ಸಾಯಂಕಾಲವೂ ಗೌಡರೂ ನಾವೂ ಹೊಯ್ಸಳರ ಕಾಲದ ಈಶ್ವರ ದೇವಾಲಯದವರೆಗೆ ನಡೆದು, ಅಲ್ಲಿ ಸ್ವಲ್ಪ ಹೊತ್ತು ಕುಳಿತು ಹಿಂದಿರುಗುವುದು ರೂಢಿ. ಮಾತು ಹೆಚ್ಚಿರುವುದಿಲ್ಲ. ಅವರು ಕೊಬ್ಬರಿಯ ಧಾರಣೆಯನ್ನು ಹೇಳುವರು. ನಾವು ಓದಿದ್ದನ್ನು ಹೇಳುವೆವು. ನಿವೃತ್ತರಾದವರಿಗೆ ದಿನದಲ್ಲಿ ಕಾದುಕೊಂಡಿರಬೇಕಾದ ಹೊತ್ತು ಒಂದೇ ಇರುವುದು. ಅದನ್ನು ನಾವೇ ಹೇಗೆ ಊರು ಬಿಟ್ಟು ಕಳುಹಿಸುವುದು? ಆದರೆ ಶ್ರಾವಣದ ಆ ರಾತ್ರಿಯೂ ನೆನಪಾಗುತ್ತಿತ್ತು. ಆದುದರಿಂದ ಗೌಡರಿಗೆ ಯಾವ ಉಪದೇಶವನ್ನೂ ಮಾಡದೆ, ಮಗನ ಮಾತನ್ನು ಮಾತ್ರ ತಿಳಿಸಿದೆವು. ಗೌಡರು, "ಹೆಣ್ಣು ನೋಡಿದ ಹಾಗೆ ಊರನ್ನೂ ನೋಡಬೇಕು, ಮೇಷ್ಟ್ರೇ. ನೋಡುವುದಕ್ಕೆ ಒಬ್ಬರೇ ಹೋಗುವ ಪದ್ಧತಿಯಿಲ್ಲ. ನೀವೂ ಬನ್ನಿ" ಎಂದರು.

ಗುರುವಾರ ಬೆಳಗಿನ ಗಾಡಿಯಲ್ಲಿ ಹೊರಟು, ತಿಪಟೂರು ತುಮಕೂರುಗಳನ್ನು ಹಾದು, ಯಶವಂತಪುರದಲ್ಲಿ ಇಳಿದೆವು. ಅಲ್ಲಿಂದ ಮೆಟ್ರೋ. ಈ ಹಸಿರು ಮಾರ್ಗವು 2017ರಲ್ಲಿ ಯಲಚೇನಹಳ್ಳಿಯ ತನಕ ಬಂದು, 2021ರಲ್ಲಿ ಅದರಾಚೆಗೆ ರೇಷ್ಮೆ ಸಂಸ್ಥೆಯವರೆಗೆ ಬೆಳೆಯಿತು. ಗೌಡರು ಟೋಕನ್ನನ್ನು ವೈದ್ಯರು ಕೊಟ್ಟ ಗುಳಿಗೆಯಂತೆ ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು. ಒಳಗೆ ಕಾಲಿಟ್ಟೊಡನೆಯೇ ಹುಡುಗಿಯೊಬ್ಬಳು ಎದ್ದು ಅವರಿಗೆ ಸ್ಥಳ ಕೊಟ್ಟಳು. ಗೌಡರು ಕುಳಿತರು, ಆದರೆ ನಮ್ಮ ಕಿವಿಯಲ್ಲಿ, "ನಾನು ಮುದುಕನೆಂದು ಇವಳಿಗೆ ಹೇಳಿದವರು ಯಾರು?" ಎಂದು ಕೇಳಿದರು. ಸಂಪಿಗೆ ರಸ್ತೆಯನ್ನು ದಾಟಿದ ಮೇಲೆ ಗಾಡಿಯು ನೆಲದೊಳಕ್ಕೆ ಇಳಿಯಿತು. ಕಿಟಕಿಯ ಹೊರಗೆ ಕತ್ತಲೆ. "ಊರೆಲ್ಲಿ?" ಎಂದರು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯು ಆಗ ನಮ್ಮ ತಲೆಯ ಮೇಲಿತ್ತು. ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ, ಎರಡನ್ನೂ ಹೆಸರಿನಿಂದಲೇ ನೋಡಿದಂತಾಯಿತು. ನ್ಯಾಷನಲ್ ಕಾಲೇಜಿನ ಬಳಿ ಗಾಡಿ ಮತ್ತೆ ಬೆಳಕಿಗೆ ಬಂದು, ಜಯನಗರದಲ್ಲಿ ಮರಗಳ ನೆತ್ತಿಗೆ ಸಮನಾಗಿ ಓಡತೊಡಗಿತು. ಎಲೆಯುದುರಿ ಹೂವೇ ಉಳಿದಿದ್ದ ಗುಲಾಬಿ ಬಣ್ಣದ ಮರಗಳನ್ನು ಕಂಡು ಗೌಡರು ನೆಟ್ಟಗೆ ಕುಳಿತರು. ಇಲ್ಲಿ ಲಕ್ಷ್ಮಣರಾವ್ ಉದ್ಯಾನವೆಂಬ ಉದ್ದನೆಯ ಉದ್ಯಾನವೀಥಿಯಿದ್ದಿತು. ಈ ಮೆಟ್ರೋವಿಗಾಗಿ ಅದರ ಮರಗಳನ್ನು ಕಡಿಯುವಾಗ, 2009ರಲ್ಲಿ, ನಿವಾಸಿಗಳು ಬೀದಿಗಿಳಿದು ವಿರೋಧಿಸಿದ್ದರು. ಇದನ್ನು ಹೇಳಿದಾಗ ಗೌಡರು, "ನಾವು ಕುಳಿತಿರುವುದು ಆ ಮರಗಳ ಲೆಕ್ಕದಲ್ಲಿ ಎನ್ನಿ" ಎಂದು ಸುಮ್ಮನಾದರು.

ಮಗನ ಮನೆಯು ಪುಟ್ಟೇನಹಳ್ಳಿ ಕೆರೆಗೆ ಸಮೀಪದಲ್ಲಿ, ಬಹುಮಹಡಿಯ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿರುವುದು. ಸೊಸೆಯು ಮಾವನವರಿಗೆಂದು ಕೋಣೆಯೊಂದನ್ನು ಅಣಿಮಾಡಿ, ಗೋಡೆಗೆ ಅತ್ತೆಯ ಭಾವಚಿತ್ರವನ್ನೂ ಹಾಕಿಸಿದ್ದಳು. ಮೊಮ್ಮಗಳಿಗೆ ಆರು ವರ್ಷ. "ತಾತ, ನಾಳೆ ವಿಧಾನಸೌಧಕ್ಕೆ ಹೋಗೋಣ" ಎಂದು ಅವಳು ಕುಣಿಯಲಾಗಿ ಗೌಡರು, "ಅಲ್ಲಿ ನಾನೇನು ವಾಸಮಾಡುತ್ತೇನೆಯೇ, ಮಗು? ವಾಸಮಾಡುವ ಕಡೆಯನ್ನು ಮೊದಲು ತೋರಿಸು" ಎಂದರು. ಹೀಗೆ ನಮ್ಮ ಸಂಚಾರವೆಲ್ಲ ನಗರದ ದಕ್ಷಿಣ ಭಾಗಕ್ಕೇ ಸೀಮಿತವಾಯಿತು.

ಮರುದಿನ ಶುಕ್ರವಾರ. ಬನಶಂಕರಿಯ ದರ್ಶನಕ್ಕೆ ಹೋದೆವು. ಸಂಸ್ಕೃತದ ವನವು ಕನ್ನಡದಲ್ಲಿ ಬನವಾಗುವುದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿಲ್ಲ! ಆದರೆ ಕನಕಪುರ ರಸ್ತೆಯ ಆ ಗದ್ದಲದಲ್ಲಿ ಬನವನ್ನು ಹುಡುಕಿದರೆ ತದ್ಭವವೂ ದೊರೆಯದು. ಅಮ್ಮನವರ ಮೂಲಸ್ಥಾನ ಬಾದಾಮಿಯ ಹತ್ತಿರದ್ದು. ಇಲ್ಲಿಯ ಗುಡಿಯು 1915ರಲ್ಲಿ ಆದುದು. ಲೋಕವೆಲ್ಲ ರಾಹುಕಾಲವನ್ನು ಬಿಟ್ಟು ಶುಭಕಾರ್ಯಗಳನ್ನು ನಡೆಸಿದರೆ, ಈ ಗುಡಿಗೆ ಜನ ರಾಹುಕಾಲವನ್ನೇ ಕಾದು ಬರುವರು. ಶುಕ್ರವಾರದ ಹತ್ತೂವರೆ ಗಂಟೆಗೆ ಹೆಂಗಸರ ಸಾಲು ಬೀದಿಯವರೆಗೂ ಬೆಳೆದಿತ್ತು. ನಿಂಬೆಯ ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮೈ ಹೊರಗಾಗುವಂತೆ ಮಗುಚಿದರೆ ಪುಟ್ಟ ಬಟ್ಟಲಾಗುವುದು. ಅದರಲ್ಲಿ ತುಪ್ಪವನ್ನೋ ಎಣ್ಣೆಯನ್ನೋ ಹಾಕಿ ಬತ್ತಿ ಹಚ್ಚುವರು. ನೂರಾರು ಹೋಳುಗಳು ಒಟ್ಟಿಗೆ ಉರಿಯುವಾಗ ಏಳುವ ವಾಸನೆಯು ನಮಗೆ ಗುಡಿಯದಕ್ಕಿಂತ ಉಪ್ಪಿನಕಾಯಿ ಹಾಕುವ ಮನೆಯದೆಂದು ತೋರಿತು, ದೇವಿಯು ಮನ್ನಿಸಲಿ. ನಿಂಬೆಯ ಹಣ್ಣು ಮಾರುವ ಮುದುಕಿಯನ್ನು ಗೌಡರು, "ರಾಹುಕಾಲದಲ್ಲಿ ವ್ಯಾಪಾರ ಮಾಡಬಹುದೇ, ತಾಯಿ?" ಎಂದು ಕೇಳಿದರು. "ನನ್ನ ಹೊಟ್ಟೆ ಹೊರೆಯೋನೇ ರಾಹು, ಸ್ವಾಮಿ" ಎಂದಳು ಆಕೆ. ಜ್ಯೋತಿಷದ ಯಾವ ಗ್ರಂಥದಲ್ಲಿಯೂ ಇಂತಹ ಭಾಷ್ಯವನ್ನು ನಾವು ಓದಿರಲಿಲ್ಲ.

ಗೌಡರು ಎರಡು ದೀಪಗಳನ್ನು ಕೊಂಡು ಹೆಂಗಸರ ಸಾಲಿನ ಕೊನೆಯಲ್ಲಿ ನಿಂತರು. ಯಾರ ಹೆಸರಿನಲ್ಲಿ ಹಚ್ಚಿದರೆಂದು ನಾವು ಕೇಳಲಿಲ್ಲ.

ಹೊರಗೆ ಬಂದು ರಸ್ತೆಯನ್ನು ದಾಟಬೇಕಾಗಿತ್ತು. ವಾಹನಗಳು ಒಂದರ ಹಿಂದೊಂದು ಬರುತ್ತಲೇ ಇದ್ದುವು. ತೆಂಗಿನ ಮರದ ತುದಿಯಲ್ಲಿ ನಿಂತು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದ ಮನುಷ್ಯನು ಹತ್ತು ನಿಮಿಷ ನಮ್ಮ ತೋಳನ್ನು ಹಿಡಿದು ನಿಂತಿದ್ದನು. ಕಡೆಗೆ ಪೋಲೀಸಿನವನೊಬ್ಬನು ಕೈಯೆತ್ತಿ ವಾಹನಗಳನ್ನು ತಡೆದು ದಾಟಿಸಿದನು. ಈಚೆ ಬಂದ ಮೇಲೆ ಗೌಡರು, "ಮೇಷ್ಟ್ರೇ, ಇಲ್ಲಿ ನಾನು ಗೂಟಕ್ಕೆ ಕಟ್ಟಿದ ಎತ್ತು. ಹಗ್ಗ ಮಗನ ಕೈಯಲ್ಲಿ" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಆ ಹೊತ್ತಿನಲ್ಲಿ ನಾವು ಒಂದು ಮಾತು ನುಡಿದಿದ್ದರೆ ಸಂಜೆಯ ಗಾಡಿಗೇ ಇಬ್ಬರೂ ಅರಸೀಕೆರೆಗೆ ಹಿಂದಿರುಗುತ್ತಿದ್ದೆವು. ಮಾತು ನಾಲಗೆಯ ತುದಿಯವರೆಗೂ ಬಂದಿತ್ತು.

ಸಂಜೆ ಬೀಗರ ಮನೆಗೆ ಹೋಗಲೇಬೇಕಾಯಿತು. ಅವರಿರುವುದು ಬಿ. ಟಿ. ಎಂ. ಬಡಾವಣೆಯಲ್ಲಿ. ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಲ್ಲಿ ಗಾಡಿ ಬದಲಿಸಿ, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗವನ್ನು ಹಿಡಿದೆವು. ಕೆಳಗೆ ಒಂದು ರಸ್ತೆ, ಅದರ ಮೇಲೆ ಇನ್ನೊಂದು ರಸ್ತೆ, ಅದರ ಮೇಲೆ ನಮ್ಮ ಗಾಡಿ. ಲೋಕಗಳು ಹದಿನಾಲ್ಕೆಂಬುದನ್ನು ನಂಬುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿ. ಟಿ. ಎಂ. ಎಂದರೇನೆಂದು ಗೌಡರು ಕೇಳಲು, ಬೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಹಳ್ಳಿಗಳೆಂದು ತಿಳಿಸಿದೆವು. ಪಾಣಿನಿಯು ಸ್ವರಗಳೆಲ್ಲವನ್ನೂ 'ಅಚ್' ಎಂಬ ಪ್ರತ್ಯಾಹಾರದಲ್ಲಿ ಅಡಗಿಸಿಟ್ಟಂತೆ, ಈ ನಗರವು ಮೂರು ಊರುಗಳ ಗದ್ದೆ, ಗುಡಿ, ಗೋಮಾಳಗಳನ್ನು ಮೂರು ಅಕ್ಷರಗಳಲ್ಲಿ ಅಡಗಿಸಿರುವುದು. ಪಾಣಿನಿಯ ಪ್ರತ್ಯಾಹಾರವನ್ನಾದರೋ ಬಿಡಿಸಿದರೆ ಒಳಗಿನ ಅಕ್ಷರಗಳೆಲ್ಲ ಹೊರಗೆ ಬರುವುವು. ತಾವರೆಕೆರೆಯನ್ನು ಬಿಡಿಸಿ ನೋಡಿದೆವು, ತಾವರೆಯೊಂದೂ ಕಣ್ಣಿಗೆ ಬೀಳಲಿಲ್ಲ. ಬೀಗರು ಒಳ್ಳೆಯವರು. ಹೋಳಿಗೆಯೂ ಚೆನ್ನಾಗಿತ್ತು.

ಶನಿವಾರ ಬೆಳಗ್ಗೆ ಲಾಲ್‌ಬಾಗಿಗೆ ಹೋದೆವು. 1760ರಲ್ಲಿ ಹೈದರಾಲಿಯು ತೊಡಗಿಸಿದ ಈ ತೋಟವನ್ನೂ 1889ರಲ್ಲಿ ತಳಹದಿ ಹಾಕಿದ ಗಾಜಿನ ಮನೆಯನ್ನೂ ಕುರಿತು ಮಕ್ಕಳಿಗೆ ಅನೇಕ ಸಲ ಪಾಠ ಹೇಳಿದ್ದೆವಾದರೂ, ಅಲ್ಲಿಯ ಬಂಡೆಯ ಮೇಲೆ ನಿಧಾನವಾಗಿ ಕುಳಿತದ್ದು ಇದೇ ಮೊದಲು. ಮಕ್ಕಳಿದ್ದಾಗ ಕುಳಿತುಕೊಳ್ಳುವುದೆಲ್ಲಿ ಬಂತು! ಆ ಬಂಡೆಯ ವಯಸ್ಸು ಮುನ್ನೂರು ಕೋಟಿ ವರ್ಷವೆಂದು ಭೂಗರ್ಭಶಾಸ್ತ್ರಜ್ಞರು ಹೇಳುವರು. ಪುರಾಣಗಳಲ್ಲಿ ಕಲ್ಪ ಮನ್ವಂತರಗಳ ಲೆಕ್ಕವನ್ನು ಓದಿ ಪಳಗಿದ ನಮಗೆ ಆ ಸಂಖ್ಯೆಯು ದಿಗಿಲು ಹುಟ್ಟಿಸಲಿಲ್ಲ. ಗೌಡರು ಅಂಗೈಯಿಂದ ಕಲ್ಲನ್ನು ಸವರಿ, "ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ. ಕೊಬ್ಬರಿ ಒಣಹಾಕುವುದಕ್ಕೆ ಹೇಳಿಮಾಡಿಸಿದ್ದು" ಎಂದರು. ಬಂಡೆಯ ಮೇಲಿರುವ ಸಣ್ಣ ಗೋಪುರವು ಕೆಂಪೇಗೌಡರ ವಂಶದವರು ನಗರದ ನಾಲ್ಕು ದಿಕ್ಕಿಗೆ ನಿಲ್ಲಿಸಿದ ಗೋಪುರಗಳಲ್ಲೊಂದು. ಊರು ಇಷ್ಟು ದೂರ ಬೆಳೆಯಲೆಂದು ಅವರು ಗುರುತಿಟ್ಟರೆಂಬುದು ಜನರ ನಂಬಿಕೆ. ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಕಣ್ಣು ಹೋಗುವಷ್ಟು ದೂರವೂ ಮನೆಗಳೇ. ಜಯನಗರ, ಅದರಾಚೆ ಬನಶಂಕರಿ, ಅದರಾಚೆ ಜೆ. ಪಿ. ನಗರ. "ಹಾಗಾದರೆ ನನ್ನ ಮಗ ಊರ ಹೊರಗೇ ಇದ್ದಾನೆ. ನಾನೂ ಊರ ಹೊರಗೆ, ಅವನೂ ಊರ ಹೊರಗೆ" ಎಂದು ಗೌಡರು ನಕ್ಕರು. ಬೆಂಗಳೂರಿಗೆ ಬಂದಮೇಲೆ ಅವರು ನಕ್ಕದ್ದು ಆಗಲೇ.

ಅಲ್ಲಿಂದ ಜಯನಗರಕ್ಕೆ ನಡೆದೇ ಹೊರಟೆವು. ನಾಲ್ಕು ಸಿಂಹಗಳ ಅಶೋಕ ಸ್ತಂಭವು ದಾರಿಯಲ್ಲಿ ಸಿಕ್ಕಿತು. 1948ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬಿದ ಹೊಸದರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರು ಈ ಬಡಾವಣೆಗೆ ಅಸ್ತಿಭಾರವನ್ನು ಹಾಕಿದರು. ಮೊದಲೇ ನಕ್ಷೆ ಬರೆದು ಕಟ್ಟಿದ ಊರಾದುದರಿಂದ ಬೀದಿಗಳು ಗೆರೆ ಎಳೆದಂತೆ ನೇರ. ಉದ್ದದ ಬೀದಿಗೆ ಮೇನು, ಅಡ್ಡ ಬೀದಿಗೆ ಕ್ರಾಸು, ಎಲ್ಲಕ್ಕೂ ಅಂಕೆಗಳು. ನಾಲ್ಕನೆಯ ಬ್ಲಾಕು ಬೇರೆ, ನಾಲ್ಕನೆಯ ಟಿ ಬ್ಲಾಕು ಬೇರೆಯೆಂಬುದು ನಮಗೆ ಎರಡು ಫರ್ಲಾಂಗು ನಡೆದ ಮೇಲೆ ತಿಳಿದುಬಂದಿತು. ಆದರೂ ಜಯನಗರವು ನಮಗೆ ಹಿಡಿಸಿತು. ಎರಡು ಕಡೆಯ ಮರಗಳು ಮೇಲೆ ಕೈಕೈ ಹಿಡಿದು ನಿಂತಿರುವ ಅಡ್ಡಬೀದಿಗಳಲ್ಲಿ ಇನ್ನೂ ಹಳೆಯ ಕಾಲದ ಮನೆಗಳು ಅಲ್ಲಲ್ಲಿ ಉಳಿದಿರುವುವು. ಗೇಟಿನ ಬಳಿ ಪಾರಿಜಾತ, ಹಿತ್ತಿಲಿನಲ್ಲಿ ಒಂದೆರಡು ತೆಂಗು. ಗೌಡರು ಪ್ರತಿಯೊಂದು ತೆಂಗನ್ನೂ ತಲೆಯೆತ್ತಿ ನೋಡುತ್ತ, "ನೀರಿಲ್ಲ", "ಗೊಬ್ಬರ ಕಂಡಿಲ್ಲ", "ಇದನ್ನು ಯಾರೋ ತಿಳಿದವರು ಸಾಕಿದ್ದಾರೆ" ಎಂದು ಹಳೆಯ ವೈದ್ಯನಂತೆ ಹೇಳುತ್ತ ಬಂದರು.

ಹಸಿವಾಯಿತು. ನಿಂತುಕೊಂಡೇ ತಿನ್ನುವ ದರ್ಶಿನಿಗಳಲ್ಲಿ ಮೊದಲನೆಯದು 1983ರಲ್ಲಿ ಈ ಜಯನಗರದಲ್ಲಿಯೇ ಹುಟ್ಟಿತಂತೆ. ಹೆಸರು ಮಾತ್ರ ಒಳ್ಳೆಯ ಸಂಸ್ಕೃತ. ಉಣ್ಣುವಾಗ ಕುಳಿತಿರಬೇಕೆಂದು ನಮ್ಮ ಹಿರಿಯರು ವಿಧಿಸಿದ್ದಕ್ಕೆ ಧರ್ಮಕ್ಕಿಂತ ಮಂಡಿಯೇ ಕಾರಣವಿದ್ದೀತೆಂದು ಆ ದಿನ ನಮಗೆ ತೋರಿತು. ಖಾಲಿ ದೋಸೆ ಸೊಗಸಾಗಿತ್ತು. ಗೌಡರು ಒಂದು ಕೈಯಿಂದ ಕಟ್ಟೆಯನ್ನು ಹಿಡಿದು ಇನ್ನೊಂದರಿಂದ ತಿಂದರು. ಪಕ್ಕದಲ್ಲಿ ನಿಂತಿದ್ದ ತರುಣನು ತಟ್ಟೆಯನ್ನೂ ದೂರವಾಣಿಯನ್ನೂ ಒಟ್ಟಿಗೆ ಹಿಡಿದು ಇಬ್ಬರೊಡನೆ ಜಗಳವಾಡುತ್ತಿದ್ದನು. "ಇವನಿಗೆ ಮಂಡಿಯೂ ಗಟ್ಟಿ, ಗಂಟಲೂ ಗಟ್ಟಿ" ಎಂದರು ಗೌಡರು. ರಾತ್ರಿ ಮಗನು ನಮ್ಮನ್ನು ಮೊಗಸಾಲೆಗೆ ಕರೆದು, "ಏನೆಂದರು, ಮೇಷ್ಟ್ರೇ?" ಎಂದು ಮೆಲ್ಲನೆ ಕೇಳಿದನು. ಏನೂ ಅನ್ನಲಿಲ್ಲವೆಂದೆವು. ಅದು ನಿಜವೇ ಆಗಿದ್ದಿತು.

ಭಾನುವಾರ ನಸುಕಿನಲ್ಲಿ ಗೌಡರು ಕೋಣೆಯಲ್ಲಿರಲಿಲ್ಲ. ಸೊಸೆ ಗಾಬರಿಯಾದಳು, ಮಗನಿಗೆ ಶ್ರಾವಣದ ರಾತ್ರಿ ನೆನಪಾಯಿತೆಂದು ಅವನ ಮುಖವೇ ಹೇಳಿತು. ನಾವು ಕೆರೆಯ ಕಡೆಗೆ ನಡೆದೆವು. ಬತ್ತಿ ಹೊಲಸು ತುಂಬಿದ್ದ ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ಸುತ್ತಲಿನ ನಿವಾಸಿಗಳೇ ಒಂದು ಟ್ರಸ್ಟು ಮಾಡಿಕೊಂಡು ಕಾಪಾಡಿಕೊಂಡು ಬಂದಿರುವರು. ನೀರಿನಲ್ಲಿ ಹಕ್ಕಿಗಳು, ಏರಿಯ ಮೇಲೆ ನಡೆಯುವ ಜನ. ಒಂದು ಬೆಂಚಿನ ಮೇಲೆ ಗೌಡರು ನಡುವೆ ಕುಳಿತಿದ್ದರು; ಎರಡು ಕಡೆಯಲ್ಲಿ ನಮ್ಮಂತೆಯೇ ತಲೆ ನರೆತ ಇಬ್ಬರು. ಒಬ್ಬರು ಶಿವಮೊಗ್ಗೆಯ ಕಡೆಯವರು, ಬ್ಯಾಂಕಿನಲ್ಲಿದ್ದವರು, ಮತ್ತೊಬ್ಬರು ಇಲ್ಲಿಯವರೇ. ಮಾತು ನಡೆಯುತ್ತಿದ್ದುದು ಇಲ್ಲಿಯವರ ಮನೆಯ ತೆಂಗಿನ ಮರವನ್ನು ಕುರಿತು. ಹೊಸ ಗರಿಗಳು ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತಿವೆ, ಯಾರೋ ಕಣ್ಣು ಹಾಕಿದ್ದಾರೆಂದು ಮನೆಯವರು ಹೇಳುತ್ತಾರೆ, ಎಂದು ಆತನು ಹೇಳಿಕೊಂಡಿದ್ದನು. ಗೌಡರು, "ಕಣ್ಣಲ್ಲ, ದುಂಬಿ. ಸುಳಿಯನ್ನು ಕೊರೆದು ಒಳಗೆ ಕುಳಿತಿದೆ. ಕಬ್ಬಿಣದ ಕೊಕ್ಕೆಯಿಂದ ಅದನ್ನು ಎಳೆದು ತೆಗೆದು, ಗರಿಯ ಕಂಕುಳಿಗೆ ಮರಳನ್ನೂ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಬೇಕು" ಎನ್ನುತ್ತಿದ್ದರು. ನಮ್ಮನ್ನು ಕಂಡು, "ಬನ್ನಿ ಮೇಷ್ಟ್ರೇ, ಇವರ ಮನೆಗೆ ಹೋಗಿ ಮರವನ್ನು ನೋಡಿಬರೋಣ" ಎಂದು ಎದ್ದರು.

ನಾಲ್ಕನೆಯ ಅಂತಸ್ತಿನ ಮನೆಯಲ್ಲಿ ಮಗನು ಕಾದಿರುವನೆಂಬುದನ್ನು ನೆನಪಿಸಿ, ಅವನಿಗೆ ಸುದ್ದಿ ಮುಟ್ಟಿಸಿದೆವು. ಆಮೇಲೆ ಮರವನ್ನು ನೋಡಿದ್ದಾಯಿತು. ಅದರ ಪಕ್ಕದ ಮನೆಯವರೂ ತಮ್ಮ ಮರವನ್ನು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಗೌಡರು ನಾಲ್ಕು ಮನೆಗಳ ಕಾಫಿಯನ್ನು ಕುಡಿದು, ಐದು ಮರಗಳಿಗೆ ಔಷಧ ಹೇಳಿದ್ದರು. ಅರಸೀಕೆರೆಯಲ್ಲಿ ತೆಂಗನ್ನು ಬಲ್ಲವರು ಬೀದಿಗೆ ಹತ್ತು ಮಂದಿ. ಅಲ್ಲಿ ಗೌಡರ ಮಾತನ್ನು ಯಾರು ಕೇಳಬೇಕು? ಇಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರು ಅವರ ಬಾಯನ್ನೇ ನೋಡುತ್ತ ನಿಂತಿದ್ದರು. ಶುಕ್ರವಾರ ನಮ್ಮ ತೋಳನ್ನು ಹಿಡಿದುಕೊಂಡಿದ್ದ ಕೈಯು ಈಗ ಮರದ ಬೊಡ್ಡೆಯನ್ನು ತಟ್ಟಿ ತಟ್ಟಿ ನೋಡುತ್ತಿತ್ತು. ಹಿಂದಿರುಗುವಾಗ ಬಡಾವಣೆಯ ಒಳರಸ್ತೆಯೊಂದನ್ನು ಅವರೇ ಮುಂದಾಗಿ ದಾಟಿದರು. ಕನಕಪುರ ರಸ್ತೆಯಷ್ಟು ಭಯಂಕರವಲ್ಲವೆಂಬುದು ದಿಟ.

ಆ ರಾತ್ರಿ ಊಟವಾದ ಮೇಲೆ ಮಗ ಸೊಸೆಯರ ಎದುರಿಗೆ ಗೌಡರು, "ತೋಟ ಮಾರುವುದಿಲ್ಲ. ಎರಡು ವರ್ಷಕ್ಕೆ ಗುತ್ತಿಗೆ ಕೊಡುತ್ತೇನೆ. ಸಂಕ್ರಾಂತಿ ಕಳೆದು ಬರುತ್ತೇನೆ. ತೆಂಗಿನ ಕೊಯ್ಲಿಗೆ ಊರಿಗೆ ಹೋಗುತ್ತೇನೆ, ಆಗ ನನ್ನನ್ನು ತಡೆಯಕೂಡದು" ಎಂದು ಪಂಚಾಯತಿಯ ತೀರ್ಮಾನದಂತೆ ಹೇಳಿ, ನಮ್ಮ ಕಡೆಗೆ ತಿರುಗಿ, "ನೀವೇನು ಹೇಳುತ್ತೀರಿ, ಮೇಷ್ಟ್ರೇ? ಇದುವರೆಗೂ ಬಾಯಿ ಬಿಡಲಿಲ್ಲವಲ್ಲ" ಎಂದರು. ಮಗನು ನಮ್ಮ ಮುಖವನ್ನು ನೋಡಿದನು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈಯೆತ್ತಲು ಹೆದರುವ ಹುಡುಗರು ಹಾಗೆ ನೋಡುವರು. ನಾವು, "ಕೆರೆಯ ಹತ್ತಿರದ ಬೆಂಚು ಚೆನ್ನಾಗಿದೆ. ಬೆನ್ನಿಗೆ ಆಸರೆಯೂ ಇದೆ" ಎಂದೆವು. ಗೌಡರು ಬಹಳ ಹೊತ್ತು ನಮ್ಮನ್ನೇ ನೋಡಿ, "ಮೂರು ಜನ ಕೂಡಬಹುದು" ಎಂದರು.

ಸೋಮವಾರ ಇಬ್ಬರೂ ಊರಿಗೆ ಹಿಂದಿರುಗಿದೆವು. ವಿಧಾನಸೌಧವನ್ನು ನೋಡಲೇ ಇಲ್ಲ. ಗೌಡರು ಸಂಕ್ರಾಂತಿಯ ಮರುವಾರ ಒಂದು ಚೀಲ ಕೊಬ್ಬರಿ, ಮನೆಯಾಕೆಯ ಹಿತ್ತಾಳೆಯ ದೀಪ, ಎರಡು ಕಂಬಳಿ, ಇವಿಷ್ಟನ್ನು ತೆಗೆದುಕೊಂಡು ಹೊರಟರು. ನಾವು ನಿಲ್ದಾಣದವರೆಗೆ ಹೋಗಿದ್ದೆವು. ಮರುದಿನ ಸಂಜೆ ಆರೂವರೆಗೆ, ದೇವಾಲಯಕ್ಕೆ ಹೊರಡುವ ವೇಳೆಗೆ ಸರಿಯಾಗಿ, ದೂರವಾಣಿಯಲ್ಲಿ ಅವರ ಧ್ವನಿ ಬಂದಿತು: ಕಬ್ಬಿಣದ ಕೊಕ್ಕೆಯನ್ನು ತೋಟದ ಮನೆಯ ಸೂರಿನಲ್ಲಿಯೇ ಮರೆತು ಬಂದಿದ್ದಾರೆ, ಇಲ್ಲಿಯ ಅಂಗಡಿಗಳಲ್ಲಿ ಅಂತಹುದು ದೊರೆಯುವುದಿಲ್ಲ, ಮರಗಳು ಕಾಯುತ್ತಿವೆ. ಬೆಳಗಿನ ಗಾಡಿಗೆ ಬೆಂಗಳೂರಿಗೆ ಹೋಗುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಅದನ್ನು ಗೋಣಿಯಲ್ಲಿ ಸುತ್ತಿ ಕಳುಹಿಸಿಕೊಟ್ಟೆವು.